ಮುರುಕು ಬಾಯಿ ಕುಂಡದ ಹಾಡು

ನಮ್ಮ ಮನೆಯ ಬೀಗದ ಕೈ ಎಲ್ಲಿರುತ್ತಿತ್ತು ಎಂಬುದು ನಮ್ಮ ಬೀದಿಯಲ್ಲಿ ಯಾರಿಗೆ ಬೇಕಾದರೂ ಗೊತ್ತು. ಅಂಚೆಯವನಿಗೆ ಗೊತ್ತು, ಹಾಲಿನವಳಿಗೆ ಗೊತ್ತು, ಮೂಲೆಮನೆಗೆ ರಜೆಗೆಂದು ಬಂದು ಹೋದ ನೆಂಟರ ಮಕ್ಕಳಿಗೂ ಗೊತ್ತು. ಬರೀ ಗೊತ್ತಿರುವುದಲ್ಲ, ರಾಗವಾಗಿ ಗೊತ್ತು. ಇದಕ್ಕೆ ಕಾರಣ ನಾನು ಎಂದು ಅಮ್ಮ ಹೇಳುತ್ತಾಳೆ. ಮನುಷ್ಯರ ಮಿದುಳು ಎಂದು ನಾನು ಹೇಳುತ್ತೇನೆ. ತಾತನನ್ನು ಕೇಳಿದರೆ ಅವರು ಹಾಡಿಬಿಡುತ್ತಾರೆ, ಆದ್ದರಿಂದ ಅವರನ್ನು ಯಾರೂ ಕೇಳುವುದಿಲ್ಲ.

ನಡೆದದ್ದನ್ನು ನಡೆದ ಕ್ರಮದಲ್ಲೇ ಹೇಳುತ್ತೇನೆ. ಹಿಂದೆ ಮುಂದೆ ಮಾಡಿ ಹೇಳಿದರೆ ನನಗೇ ಗೊಂದಲವಾಗುತ್ತದೆ. (ಕ್ರಮವಾಗಿ ಹೇಳಿದರೂ ಗೊಂದಲವಾಗುತ್ತದೆ. ಆದರೆ ಕ್ರಮವಾಗಿ ಆಗುತ್ತದೆ.)

ತಾತ ರೈಲು ನಿಲ್ದಾಣದಲ್ಲಿ ಪ್ರಕಟಣೆ ಹೇಳುತ್ತಿದ್ದವರು. ಯಾವ ಗಾಡಿ ಯಾವ ಪ್ಲಾಟ್‌ಫಾರಂಗೆ ಬರುತ್ತದೆ, ಯಾವುದು ತಡ, ಯಾವುದು ರದ್ದು, ಎಲ್ಲವೂ ಅವರ ಬಾಯಿಂದಲೇ ಊರಿಗೆ ತಿಳಿಯಬೇಕಿತ್ತು. ಮೈಕು ಕೆಟ್ಟ ದಿನ ಕಿಟಕಿ ತೆರೆದು ಹೇಳಿದರೆ ಸಾಕಾಗುತ್ತಿತ್ತಂತೆ. ನಿವೃತ್ತಿಯಾದಾಗ ನಿಲ್ದಾಣ ಅವರನ್ನು ಬಿಟ್ಟಿತು, ದನಿ ಬಿಡಲಿಲ್ಲ. ನಮ್ಮ ಮನೆಯಲ್ಲಿ ಊಟಕ್ಕೆ ಕೂತು ಅವರು ಉಪ್ಪು ಕೇಳಿದರೆ ಎದುರುಮನೆಯಿಂದ ಉಪ್ಪು ಬರುತ್ತದೆ.

ಇಂಥ ತಾತನಿಗೆ ಒಂದೇ ತೊಂದರೆ, ಮರೆವು. ಅದರಲ್ಲೂ ಬೀಗದ ಕೈ ಎಂದರೆ ವಿಶೇಷ ಮರೆವು. ಮಧ್ಯಾಹ್ನ ಪಾರ್ಕಿಗೆ ಹೋಗಿ ಬರುವುದು ಅವರ ಪದ್ಧತಿ. ಬೀಗದ ಕೈಯನ್ನು ದಾರಕ್ಕೆ ಕಟ್ಟಿ ಕೊರಳಿಗೆ ಹಾಕಿದೆವು. ಪಾರ್ಕಿನಲ್ಲಿ ಅಳುತ್ತಿದ್ದ ಯಾವುದೋ ಮಗುವಿಗೆ ಆಡಲು ಕೊಟ್ಟು ಬಂದರು. ಜೇಬಿನ ಒಳಗೆ ಪಿನ್ನು ಹಾಕಿ ಸಿಕ್ಕಿಸಿದೆವು. ಆ ಅಂಗಿಯನ್ನು ಬಿಟ್ಟು ಬೇರೆ ಅಂಗಿ ತೊಟ್ಟುಕೊಂಡು ಹೋದರು. ಬೀಗದ ಕೈ ಮಾಡಿಕೊಡುವವನು ಈಗೀಗ ನಮ್ಮನ್ನು ಮಾದರಿ ಕೂಡ ಕೇಳುವುದಿಲ್ಲ, ನೆನಪಿನಿಂದಲೇ ಅರೆದುಕೊಡುತ್ತಾನೆ. ಅವನ ನೆನಪು ಅಷ್ಟು ಚೆನ್ನಾಗಿರುವುದು ನಮ್ಮ ಮನೆಗೆ ಒಳ್ಳೆಯ ಲಕ್ಷಣವಲ್ಲ ಎಂದು ಅಮ್ಮನ ಅಭಿಪ್ರಾಯ.

ಅಪ್ಪ ಬಸ್ಸು ಓಡಿಸುತ್ತಾರೆ. ಅಮ್ಮ ಆಸ್ಪತ್ರೆಯ ಬಟ್ಟೆ ವಿಭಾಗದಲ್ಲಿ ಹಾಸಿಗೆ ಬಟ್ಟೆಗಳ ಮೇಲ್ವಿಚಾರಣೆ ನೋಡಿಕೊಳ್ಳುತ್ತಾಳೆ. ಹಗಲಿಡೀ ಮನೆಯಲ್ಲಿರುತ್ತಿದ್ದವಳು ನಾನೊಬ್ಬಳೇ. ಶಾಲೆಯಲ್ಲಿ ಎದ್ದು ನಿಂತು ಗಟ್ಟಿಯಾಗಿ ಓದು ಎಂದಾಗಲೆಲ್ಲ ನನ್ನ ಗಂಟಲು ರಜೆ ಹಾಕುತ್ತಿತ್ತು. ಕೊನೆಗೆ ನಾನೂ ಅದರ ಜೊತೆ ರಜೆ ಹಾಕಿದೆ, ಮತ್ತೆ ಹೋಗಲಿಲ್ಲ. ಹೀಗಾಗಿ ತಾತನಿಗೆ ಬಾಗಿಲು ತೆಗೆಯುವ ಹುದ್ದೆ ನನ್ನದಾಯಿತು. ಸರಿಯಾಗಿ ಹೇಳಬೇಕೆಂದರೆ ನಮ್ಮ ಮನೆಯ ನಿಜವಾದ ಬೀಗದ ಕೈ ನಾನೇ. ಕಳೆದುಹೋಗುವ ಸ್ವಭಾವ ನನಗೂ ಇದೆ, ಆದರೆ ಮನೆಯ ಒಳಗೆ ಮಾತ್ರ.

ಬಾಗಿಲು ತೆಗೆಯುವುದರ ನಡುವೆ ನಾನು ಪುಸ್ತಕದ ಹಾಳೆ ಮಡಿಸುತ್ತಿದ್ದೆ. ಪಕ್ಕದ ಬೀದಿಯ ಬೈಂಡಿಂಗ್ ಯಜಮಾನರು ಅಚ್ಚಾದ ದೊಡ್ಡ ಹಾಳೆಗಳ ಕಟ್ಟನ್ನು ಮನೆಗೆ ಕಳಿಸುತ್ತಿದ್ದರು. ನಾನು ಅವನ್ನು ಅಂಚಿಗೆ ಅಂಚು ಸೇರಿಸಿ ಮಡಿಸಿ, ಮರದ ಪಟ್ಟಿಯಿಂದ ಉಜ್ಜಿ ವಾಪಸು ಕೊಡುತ್ತಿದ್ದೆ. ಈ ಕೆಲಸದಲ್ಲಿ ಮಾತಾಡಬೇಕಾಗಿಲ್ಲ. ಹಾಳೆಯ ಅಂಚು ಹಾಳೆಯ ಅಂಚಿನ ಮೇಲೆ ಕೂದಲೆಳೆಯಷ್ಟೂ ಆಚೀಚೆಯಾಗದೆ ಕೂತಾಗ ನನಗಾಗುವ ಸಂತೋಷವನ್ನು ಯಾರಿಗೂ ಹೇಳಿರಲಿಲ್ಲ. ಹೇಳುವ ಹಾಗಿದ್ದರೆ ಶಾಲೆಯನ್ನೇ ಬಿಡುತ್ತಿರಲಿಲ್ಲ.

ಒಂದು ದಿನ ಯಜಮಾನರು ತಾವೇ ಬಂದರು. ಕಿಟಕಿಯ ಪಕ್ಕ ಕೂತು ಪುಸ್ತಕ ಹೊಲಿಯುತ್ತಿದ್ದವಳು ಕೆಲಸ ಬಿಟ್ಟಿದ್ದಾಳೆ, ಆ ಜಾಗ ನಿನ್ನದು, ಸೋಮವಾರದಿಂದ ಅಂಗಡಿಗೇ ಬಾ ಎಂದರು. ಬರದಿದ್ದರೆ ಮನೆಗೆ ಹಾಳೆ ಕಳಿಸುವುದನ್ನೂ ನಿಲ್ಲಿಸುತ್ತೇನೆ ಎಂದರು. ಅದಕ್ಕೆ ಕಾರಣವನ್ನೂ ತಂದಿದ್ದರು. ಹಿಂದಿನ ಕಟ್ಟಿನ ಒಂದು ಹಾಳೆಯ ಮೇಲೆ ತಾತನ ಚಹಾ ಲೋಟದ ತಳ ದುಂಡಗೆ ಮೂಡಿತ್ತು. ಕಾನೂನಿನ ಪುಸ್ತಕವಾದ್ದರಿಂದ ಓದುಗರು ಅದನ್ನು ಸರ್ಕಾರದ ಮುದ್ರೆ ಎಂದುಕೊಳ್ಳುವ ಅಪಾಯವಿತ್ತು.

ಆ ಕಿಟಕಿಯ ಪಕ್ಕದ ಜಾಗ ನನಗೆ ಎಷ್ಟು ಬೇಕಿತ್ತು ಎಂದರೆ ನಾನು ಅಂದು ಸಂಜೆ ಅಮ್ಮನ ಮುಂದೆ ಬಾಯಿ ಬಿಟ್ಟು ಕೇಳಿದೆ.

"ಹೋಗು, ನಂಗೇನು ಬೇಜಾರಾ?" ಎಂದಳು ಅಮ್ಮ. "ಆದ್ರೆ ನೀನು ಹೋದ್ರೆ ಬಾಗಿಲು ಯಾರು ತೆಗೀತಾರೆ? ಮಾವ ಮೆಟ್ಟಿಲ ಮೇಲೆ ಕೂತ್ಕೊಂಡು ಹೋಗೋರು ಬರೋರಿಗೆಲ್ಲ ಗಾಡಿ ಟೈಮ್ ಹೇಳ್ತಿರ್ತಾರೆ. ಬಿಸಿಲಲ್ಲಿ ತಲೆ ಸುತ್ತಿ ಬಿದ್ರೆ?"

ಇದಕ್ಕೆ ಉತ್ತರ ನನ್ನ ಮುಂದಿದ್ದ ಹಾಳೆಗಳ ಕಟ್ಟಿನಲ್ಲಿತ್ತು. ಅದು ಯಾರೋ ವೈದ್ಯರು ಬರೆದ ಪುಸ್ತಕ, ಸಂಗೀತವು ಮಿದುಳಿಗೂ ಮನುಷ್ಯನಿಗೂ ಸಮಾಜಕ್ಕೂ ಏನೇನು ಮಾಡುತ್ತದೆ ಎಂಬ ವಿಷಯದ್ದು. ಮಡಿಸುವಾಗ ಓದುವುದು ನನ್ನ ಅಭ್ಯಾಸ. ಆದರೆ ಮಡಿಸದ ಹಾಳೆಯಲ್ಲಿ ಪುಟಗಳು ಕ್ರಮವಾಗಿ ಇರುವುದಿಲ್ಲ. ನಾಲ್ಕನೆಯ ಪುಟದ ಪಕ್ಕ ಹದಿಮೂರನೆಯದು ಇರುತ್ತದೆ, ಕೆಲವು ತಲೆಕೆಳಗಾಗಿಯೂ ಇರುತ್ತವೆ. ಎಡಗಡೆಯ ಪುಟ "ತಾಯಿಯ ಜೋಗುಳವು ಎಳೆಯ ಮಗುವನ್ನು" ಎಂದು ಮುಗಿದರೆ ಬಲಗಡೆಯದು "ಕೆರಳಿಸಿ, ಗುಂಪುಗೂಡಿಸಿ, ಬೀದಿಗೆ ಇಳಿಸುತ್ತದೆ" ಎಂದು ಶುರುವಾಗುತ್ತಿತ್ತು. ನಿಧಾನದ ರಾಗ ಕೇಳಿದವರ ಎದೆಬಡಿತ ಶಾಂತವಾಗುತ್ತದೆ ಎಂದು ಓದಿದ ಮೇಲೆ ಪಕ್ಕದ ಪುಟದಲ್ಲಿ "ಆದ್ದರಿಂದಲೇ ಸೈನ್ಯಗಳು ಇದನ್ನು ಬಳಸುತ್ತವೆ" ಎಂದಿತ್ತು. ಸಂಗೀತದ ಬಗ್ಗೆ ನನ್ನ ತಿಳಿವಳಿಕೆ ಆ ವಾರ ಬಹಳ ಹೆಚ್ಚಿತು. ಅದರಲ್ಲಿ ಅರ್ಥವಾದದ್ದು ಮಾತ್ರ ಕಡಿಮೆ.

ಒಂದು ಪುಟ ಮಾತ್ರ ಸ್ಪಷ್ಟವಾಗಿತ್ತು. ಎಲ್ಲವನ್ನೂ ಮರೆತ ಮುದುಕರು ಕೂಡ ಹಾಡನ್ನು ಅಷ್ಟು ಸುಲಭವಾಗಿ ಮರೆಯುವುದಿಲ್ಲ, ನೆನಪಿಡಬೇಕಾದ ಸಂಗತಿಯನ್ನು ಸರಳವಾದ ರಾಗಕ್ಕೆ ಕೂರಿಸಿದರೆ ಅದು ತಲೆಯಲ್ಲಿ ನಿಲ್ಲುತ್ತದೆ ಎಂದು ಅಲ್ಲಿ ಬರೆದಿತ್ತು. ಪುಟದ ಕೊನೆಯ ಸಾಲು ಹೀಗಿತ್ತು: "ಆದರೆ ಹೀಗೆ ಮಾಡುವವರು ಒಂದು ಎಚ್ಚರಿಕೆಯನ್ನು ಮರೆಯಬಾರದು. ಅದೇನೆಂದರೆ". ಅಲ್ಲಿಗೆ ಪುಟ ಮುಗಿದಿತ್ತು. ಮುಂದಿನ ಪುಟಕ್ಕಾಗಿ ಕಟ್ಟನ್ನೆಲ್ಲ ಹುಡುಕಿದೆ. ಅದು ಬೇರೆ ಹಾಳೆಯಲ್ಲಿ ಅಚ್ಚಾಗಿರಬೇಕು, ಆ ಹಾಳೆ ನನಗೆ ಬಂದಿರಲಿಲ್ಲ. ಊಟ ಮಾಡುವಾಗ ಹಾಡಬಾರದು ಎಂಬಂಥ ಎಚ್ಚರಿಕೆ ಇರಬೇಕು ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ.

ಹೀಗೆ ನಾನು ಕವಿಯಾದೆ. ನಮ್ಮ ಬಾಗಿಲ ಬಳಿ ಹೂವಿನ ಕುಂಡಗಳ ಸಾಲಿದೆ. ಅದರಲ್ಲಿ ಒಂದರ ಬಾಯಿ ಒಡೆದಿತ್ತು, ಗುರುತು ಹಿಡಿಯುವುದು ಸುಲಭ. ಬೀಗ ಹಳೆಯದು, ಬೇರೆ ಬೀಗಗಳಿಗೆ ವಿರುದ್ಧವಾಗಿ ತಿರುಗುತ್ತದೆ. ಬಾಗಿಲು ಉಬ್ಬಿರುವುದರಿಂದ ಭುಜ ಕೊಟ್ಟು ನೂಕಬೇಕು. ತಾತನಿಗೆ ಇವಿಷ್ಟೂ ತಿಳಿದಿರಬೇಕಲ್ಲ. ಬಹಳ ಯೋಚಿಸಿ, ಒಂದು ಅಂಶವೂ ಬಿಟ್ಟುಹೋಗದಂತೆ ಎಚ್ಚರ ವಹಿಸಿ ಕಟ್ಟಿದೆ:

ಮುರುಕು ಬಾಯಿ ಕುಂಡದ ಕೆಳಗೆ
ಮಲಗಿದೆ ನಮ್ಮ ಬೀಗದ ಕೈ
ಎಡಕ್ಕೆ ತಿರುಗಿಸು, ಬಲಕ್ಕೆ ಬೇಡ
ಭುಜದಲಿ ನೂಕು, ತಕ ತಕ ತೈ

ರಾಗವೂ ನನ್ನದೇ. ಹಾಳೆ ಉಜ್ಜುವ ಮರದ ಪಟ್ಟಿಯ ಸದ್ದಿನಿಂದ ಹುಟ್ಟಿದ್ದು. ಅಡುಗೆಮನೆಯ ಬಾಗಿಲು ಮುಂದೆ ಮಾಡಿ, ನಲ್ಲಿ ತಿರುಗಿಸಿ, ನೀರಿನ ಸದ್ದಿನ ಮರೆಯಲ್ಲಿ ತಾತನಿಗೆ ಕಲಿಸಿದೆ. ಎರಡು ಸಲ ಹೇಳಿಕೊಡುವಷ್ಟರಲ್ಲಿ ಅವರಿಗೆ ಬಂದುಬಿಟ್ಟಿತು. ಬೆಳಿಗ್ಗೆ ತಿಂಡಿ ತಿಂದದ್ದು ಮರೆತು ಮತ್ತೆ ಕೇಳುವ ತಾತ ನಾಲ್ಕೂ ಸಾಲನ್ನು ಒಂದಕ್ಷರ ಬಿಡದೆ ಒಪ್ಪಿಸಿದರು. ನನಗೆ ಆ ವೈದ್ಯರ ಮೇಲೆ ಭಕ್ತಿಯೇ ಬಂತು.

"ತಾತ, ಇದನ್ನ ಮನಸ್ಸಲ್ಲೇ ಹೇಳ್ಕೋಬೇಕು. ಗುಟ್ಟು."

"ಗುಟ್ಟು ಅಂದ್ರೇನು ಅಂತ ನಂಗೆ ಹೇಳ್ಕೊಡ್ತೀಯಾ? ದೊಡ್ಡೋರು ಬರೋ ಗಾಡಿ ಇದ್ದಾಗ ಗುಟ್ಟಾಗಿಡು ಅಂತ ಸಾಹೇಬ್ರು ಹೇಳೋರು. ನಾನು ಒಂದೇ ಸಲ ಅನೌನ್ಸ್ ಮಾಡ್ತಿದ್ದೆ."

(ಬೇರೆ ಗಾಡಿಗಳನ್ನು ಮೂರು ಸಲ ಹೇಳುತ್ತಿದ್ದರು. ಈ ಮಾತಿನ ತೂಕ ನನಗೆ ಆಗಲೇ ತಿಳಿಯಬೇಕಿತ್ತು.)

ಮರುದಿನ ಪರೀಕ್ಷೆ. ಮನೆಗೆ ಬೀಗ ಹಾಕಿ, ಬೀದಿಯ ಆಚೆ ಒಂದು ಮರದ ಹಿಂದೆ ನಿಂತೆ. ತಾತ ಪಾರ್ಕಿನಿಂದ ಬಂದರು. ಬಾಗಿಲ ಬಳಿ ಒಂದು ಕ್ಷಣ ತಬ್ಬಿಬ್ಬಾಗಿ ನಿಂತರು. ಆಮೇಲೆ ಅವರ ತಲೆ ತೂಗತೊಡಗಿತು. ಬಗ್ಗಿದರು, ಕುಂಡ ಎತ್ತಿದರು, ಎಡಕ್ಕೆ ತಿರುಗಿಸಿದರು, "ತಕ ತಕ ತೈ" ಎಂದು ಭುಜ ಕೊಟ್ಟು ಒಳಗೆ ಹೋದರು. ಬೀಗದ ಕೈ ಬಾಗಿಲಲ್ಲೇ ನೇತಾಡುತ್ತಿತ್ತು. ಅದನ್ನು ವಾಪಸು ಇಡುವ ವಿಷಯ ನಾನು ಹಾಡಿನಲ್ಲಿ ಹಾಕಿರಲಿಲ್ಲ, ಅದು ಎರಡನೆಯ ಚರಣದ ಕೆಲಸ. ಆದರೂ ಅಮ್ಮ ಒಪ್ಪಿದಳು. ಸೋಮವಾರ ನಾನು ಕಿಟಕಿಯ ಪಕ್ಕ ಕೂತೆ. ಸೂಜಿ, ಮೇಣ ಹಚ್ಚಿದ ದಾರ, ಮಡಿಸಿದ ಹಾಳೆಗಳ ಗುಡ್ಡೆ, ಎದುರಿಗೆ ಬೆಳಕು. ಯಾರೂ ನನ್ನನ್ನು ಎದ್ದು ನಿಂತು ಓದು ಎನ್ನಲಿಲ್ಲ.

ಮೊದಲು ಕೇಳಿಸಿದ್ದು ಎದುರುಮನೆ ದೊಡ್ಡಮ್ಮನಿಂದ. (ಸಂಬಂಧಿಕರಲ್ಲ, ಬೀದಿಗೆಲ್ಲ ಅವರು ದೊಡ್ಡಮ್ಮನೇ.) ಬೆಳಿಗ್ಗೆ ನಾನು ಕೆಲಸಕ್ಕೆ ಹೊರಟಾಗ ಅವರು ಬಟ್ಟೆ ಒಣಗಲು ಹಾಕುತ್ತಾ, ಒಂದೊಂದು ಕ್ಲಿಪ್ಪು ಸಿಕ್ಕಿಸುವಾಗಲೂ "ತಕ ತಕ ತೈ" ಎನ್ನುತ್ತಿದ್ದರು. ನನ್ನನ್ನು ಕಂಡು, ಇದೇನು ಹಾಡೋ ಗೊತ್ತಿಲ್ಲ, ಎರಡು ದಿನದಿಂದ ತಲೆಯಲ್ಲಿ ಕೂತು ಏಳುತ್ತಲೇ ಇಲ್ಲ ಎಂದರು. ಹೌದಾ ಎನ್ನಬೇಕಿತ್ತು. ನನ್ನ ಗಂಟಲು ರಜೆಯಲ್ಲಿತ್ತು.

ಅವರ ಬಾಯಲ್ಲಿ ಹಾಡಿತ್ತು, ಅರ್ಥ ಇರಲಿಲ್ಲ. ಇದು ನನಗೆ ಬಹಳ ವಿಚಿತ್ರವಾಗಿ ಕಂಡಿತು. ಬೀಗದ ಕೈ ಎಲ್ಲಿದೆ ಎಂದು ಹಾಡುತ್ತಾರೆ, ಯಾವ ಬೀಗ ಎಂದು ಯೋಚಿಸುವುದಿಲ್ಲ. ಅಪ್ಪನ ಕಥೆಯೂ ಅದೇ. ತಾತನಿಂದ ಕೇಳಿ ಕೇಳಿ ಅಪ್ಪ ಆ ರಾಗವನ್ನು ಬಸ್ಸು ಓಡಿಸುತ್ತಾ ಸಿಳ್ಳೆ ಹಾಕುತ್ತಿದ್ದರಂತೆ. ಮಾತು ಗೊತ್ತಿದ್ದ ನಮ್ಮ ಬೀದಿಯವರು ಯಾರೋ ಹಿಂದಿನ ಸೀಟಿನಿಂದ ಮಾತು ಸೇರಿಸಿದರು. ಸಂಜೆಯ ಹೊತ್ತಿಗೆ ಇಡೀ ಮಾರ್ಗಕ್ಕೆ ಹಾಡು ಬಂದಿತ್ತು. ಒಬ್ಬ ಪ್ರಯಾಣಿಕ ಇಳಿಯಲು ಮುಂದೆ ಬಂದು, ಡ್ರೈವರಣ್ಣ, ಯಾವ ಮನೆ ಕುಂಡ ಅದು ಎಂದು ಕೇಳಿದನಂತೆ. ಆಗ ಅಪ್ಪನಿಗೆ ಅರ್ಥ ಹೊಳೆಯಿತು, ಗಕ್ಕನೆ ಬ್ರೇಕು ಹಾಕಿದರು, ಎಲ್ಲರೂ ಮುಂದಿನ ಸೀಟಿಗೆ ಮೂಗು ತಗುಲಿಸಿಕೊಂಡರು.

ಬೈಂಡಿಂಗ್ ಅಂಗಡಿಗೂ ಅದು ಬಂತು. ಅಂಟು ಹಚ್ಚುವ ಅಕ್ಕ ಬ್ರಶ್ ಆಡಿಸುತ್ತಾ ಹಾಡಿದಳು. ರಟ್ಟು ಕತ್ತರಿಸುವವರು ತಾಳ ಹಾಕಿದರು. ಯಜಮಾನರು ಕಣ್ಣು ಮುಚ್ಚಿ ಕೇಳಿ, ಇದು ಸಾಮಾನ್ಯ ಹಾಡಲ್ಲ ಎಂದು ತೀರ್ಪು ಕೊಟ್ಟರು. ಮುರುಕು ಬಾಯಿ ಕುಂಡ ಎಂದರೆ ಈ ನಶ್ವರ ದೇಹ. ಅದರ ಕೆಳಗೆ ಮಲಗಿರುವ ಬೀಗದ ಕೈ ಎಂದರೆ ಆತ್ಮಜ್ಞಾನ. ಎಡಕ್ಕೆ ತಿರುಗಿಸು ಎಂದರೆ ಲೋಕರೂಢಿಗೆ ವಿರುದ್ಧವಾಗಿ ನಡೆ. ಭುಜದಲಿ ನೂಕು ಎಂಬಲ್ಲಿ ಮಾತ್ರ ಅವರು ಸ್ವಲ್ಪ ಹೊತ್ತು ತಡೆದರು, ಆಮೇಲೆ ಅದು ಪರಿಶ್ರಮ ಎಂದರು.

"ಯಾರೋ ದೊಡ್ಡ ಅನುಭಾವಿ ಬರೆದಿರ್ಬೇಕು," ಎಂದರು. "ನಿಂಗೇನನ್ಸುತ್ತಮ್ಮ?"

ಬಾಗಿಲು ಉಬ್ಬಿರುವುದರಿಂದ ಎಂದು ಹೇಳಬೇಕೆನಿಸಿತು. ತಲೆ ತಗ್ಗಿಸಿ ಹೊಲಿಗೆ ಮುಂದುವರಿಸಿದೆ. ಹೊಲಿಯುತ್ತಿದ್ದದ್ದು ಅದೇ ವೈದ್ಯರ ಪುಸ್ತಕ. ಈಗ ಹಾಳೆಗಳು ಕ್ರಮವಾಗಿದ್ದವು. ಸೂಜಿಯನ್ನು ಮಡಿಕೆಯ ನಡುವೆ ಇಳಿಸಲು ಹೊಸ ಹಾಳೆ ಎತ್ತಿಕೊಂಡೆ. ಕಣ್ಣಿಗೆ ಬಿದ್ದದ್ದು ನನಗೆ ಸಿಕ್ಕದೇ ಹೋಗಿದ್ದ ಆ ಮುಂದಿನ ಪುಟ.

"ಹಾಡು ಯಾರಿಗಾಗಿ ಕಟ್ಟಲ್ಪಟ್ಟಿತೋ ಅವರಿಗಷ್ಟೇ ಅಂಟಿಕೊಂಡು ಉಳಿಯುವುದಿಲ್ಲ, ಸುತ್ತಲಿನ ಎಲ್ಲರಿಗೂ ಅಂಟುತ್ತದೆ. ಆದ್ದರಿಂದ ಅದರಲ್ಲಿ ಮನೆಯ ಖಾಸಗಿ ಸಂಗತಿಗಳನ್ನು ಸೇರಿಸಬಾರದು."

ಸೂಜಿ ಬೆರಳಿಗೆ ಇಳಿಯಿತು. ಆ ಪುಸ್ತಕದ ಒಂದು ಪ್ರತಿಯಲ್ಲಿ ಆ ಪುಟದ ಮೂಲೆಗೆ ಸಣ್ಣ ಕೆಂಪು ಚುಕ್ಕೆ ಇದೆ. ಕೊಂಡವರು ಯಾರಾದರೂ ಇದನ್ನು ಓದುತ್ತಿದ್ದರೆ, ಅದು ನನ್ನದು, ದಯವಿಟ್ಟು ಕ್ಷಮಿಸಿ.

ಸಂಜೆ ಓಡುತ್ತಾ ಮನೆಗೆ ಬಂದರೆ ಬಾಗಿಲ ಮುಂದೆ ಜನ. ಕಳ್ಳರು ಬಂದಿರಬಹುದು ಎಂದುಕೊಂಡೆ. ಆದದ್ದು ಅದಕ್ಕಿಂತ ಗೊಂದಲದ್ದು. ಹಾಡಿನ ಕುಂಡ ಇಲ್ಲಿರುವುದೇ ಎಂದು ಬೀದಿಗೆ ಕೊನೆಗೂ ಹೊಳೆದಿತ್ತು. ಹೊಳೆದ ಮೇಲೆ ಎಲ್ಲರಿಗೂ ನಮ್ಮ ಮನೆಯ ಮೇಲೆ ಅಪಾರ ಕಾಳಜಿ ಹುಟ್ಟಿತು. ಕೈ ಅಲ್ಲೇ ಇದೆಯೇ, ಯಾರಾದರೂ ಕದ್ದರೇ ಎಂದು ಹೋಗುವವರು ಬರುವವರೆಲ್ಲ ಕುಂಡ ಎತ್ತಿ ನೋಡಿ, ಇದೆ ಎಂದು ಸಮಾಧಾನಪಟ್ಟು ಇಟ್ಟು ಹೋಗುತ್ತಿದ್ದರು. ಹಾಲಿನವಳು ಎತ್ತಿ ನೋಡಿದ್ದಳು, ಅಂಚೆಯವನು ಎತ್ತಿ ನೋಡಿದ್ದ. ಹೀಗೆ ಎತ್ತಿ ಇಟ್ಟು ಎತ್ತಿ ಇಟ್ಟು ಅದರ ಮುರುಕು ಬಾಯಿಯ ಜೊತೆ ಹೊಟ್ಟೆಯೂ ಒಡೆದು ಕುಂಡ ಈಗ ಬರೀ ಮಣ್ಣಾಗಿತ್ತು. ಗಿಡ ಪಕ್ಕಕ್ಕೆ ಒರಗಿ ಮಲಗಿತ್ತು. ಮಣ್ಣಿನ ಮೇಲೆ ಬೀಗದ ಕೈ ಬಟ್ಟಬಯಲಾಗಿ ಹೊಳೆಯುತ್ತಿತ್ತು. ತಾತ ಮೆಟ್ಟಿಲ ಮೇಲೆ ಕೂತಿದ್ದರು. ಕುಂಡವಿಲ್ಲದ ಕಡೆ ಕುಂಡದ ಕೆಳಗೆ ಹುಡುಕುವುದು ಹೇಗೆ ಎಂದು ಅವರಿಗೆ ತಿಳಿದಿರಲಿಲ್ಲ.

ಅಮ್ಮ ಬಂದು ನೋಡಿದಳು. ಕೂಗಾಡಲಿಲ್ಲ. ಆಸ್ಪತ್ರೆಯಲ್ಲಿ ಕಲೆ ಬಿದ್ದ ಹಾಸಿಗೆ ಬಟ್ಟೆಯನ್ನು ನೋಡುವ ಹಾಗೆ ನನ್ನನ್ನು ನೋಡಿದಳು.

"ನಾಳೆಯಿಂದ ಮನೇಲಿರು. ಸೂಜಿ ದಾರ ವಾಪಸ್ ಕೊಟ್ಟು ಬಾ."

ನಾನು ಅತ್ತುಬಿಟ್ಟೆ ಎಂದು ಬರೆಯಲು ಸಂಕೋಚವಾಗುತ್ತದೆ, ಆದರೆ ಅತ್ತುಬಿಟ್ಟೆ. ಅಳುತ್ತಲೇ ಇನ್ನೊಂದು ಉಪಾಯ ಹೇಳಿದೆ. ಬೀಗದ ಕೈ ಹೊರಗೆ ಇಡುವುದೇ ಬೇಡ. ಹಗಲು ತಾತ ಒಳಗಿನಿಂದ ಚಿಲಕ ಹಾಕಿಕೊಂಡಿರಲಿ, ಪಾರ್ಕಿಗೆ ಸಂಜೆ ನಾನು ಕರೆದುಕೊಂಡು ಹೋಗುತ್ತೇನೆ. ಬಾಗಿಲು ತಟ್ಟಿದವರಿಗೆಲ್ಲ ತೆಗೆಯುವ ಅವರ ಅಭ್ಯಾಸಕ್ಕೆ ತಡೆಯಾಗಿ ಹೊಸ ಹಾಡು ಒಂದಿರಲಿ. ಸರಿಯಾಗಿ ಹಾಡಿದವರಿಗೆ ಮಾತ್ರ ಬಾಗಿಲು. ತಾತ ಹಾಡುವಂತಿಲ್ಲ, ಕೇಳುವುದು ಮಾತ್ರ. ಖಾಸಗಿ ಸಂಗತಿ ಒಂದೂ ಇಲ್ಲದ ಹಾಡು:

ಬೆಕ್ಕಿನ ಮೀಸೆಗೆ ಹಾಲಿನ ಹನಿ
ಯಾರೂ ನೋಡದೆ ನೆಕ್ಕಿತು ತಾ
ನಾನೇ ಬಂದೆ, ಬೇರಾರಲ್ಲ
ಚಿಲಕವ ತೆಗೆದು ಬಿಡು ತಾತಾ

"ನಾನು ಮಾವನಿಗೆ ತಾತ ಅಂತೀನಾ?" ಎಂದಳು ಅಮ್ಮ.

"ರಾಗಕ್ಕೆ ಹೊಂದುತ್ತಮ್ಮ."

"ರಾಗ ನಂಗೆ ಯಾವತ್ತು ಹೊಂದಿದೆ?"

ಅದು ನಿಜ. ಅಮ್ಮ ಹಾಡಿದರೆ ಬಟ್ಟೆ ಎಣಿಸಿದ ಹಾಗಿರುತ್ತದೆ. ಅಪ್ಪ ನಡುವೆ ಬಂದು, ಒಂದು ದಿನ ನೋಡೋಣ ಬಿಡು ಎಂದರು. ಅಮ್ಮ ಒಪ್ಪಿದಳು, ಷರತ್ತಿನ ಮೇಲೆ. ನಾಳೆ ಅವಳು ಮನೆಗೆ ಬರುವ ಹೊತ್ತಿಗೆ ಒಳಗೆ ಮನೆಯವರು ಮಾತ್ರ ಇರಬೇಕು. ಹೊರಗಿನವರು ಒಬ್ಬರು ಇದ್ದರೂ ಕಿಟಕಿಯ ಪಕ್ಕದ ಜಾಗ ಮುಗಿಯಿತು.

ಒಂದು ತಪ್ಪು ಮಾಡಿದ್ದೆ. ಹೊಸ ಹಾಡಿಗೆ ಹಳೆಯ ರಾಗವನ್ನೇ ಹಾಕಿದ್ದೆ. ಬೇಕೆಂದು ಮಾಡಿದ್ದಲ್ಲ, ನನಗೆ ಬರುವುದು ಒಂದೇ ರಾಗ.

ಮರುದಿನ ಕೆಲಸ ಮುಗಿಸಿ ಎಲ್ಲರಿಗಿಂತ ಮೊದಲು ಬಂದೆ. ಬಾಗಿಲು ಮುಚ್ಚಿತ್ತು. ಹಗಲಿಡೀ ಚಿಲಕ ಹಾಕಿದ್ದನ್ನು ಕಂಡು, ತಾತನಿಗೆ ಏನಾಯಿತೋ ಎಂದು ದೊಡ್ಡಮ್ಮ ಬಂದು ನಿಂತಿದ್ದರು. ಅವರನ್ನು ಕಂಡು ಹಾಲಿನವಳು ನಿಂತಿದ್ದಳು, ಅವಳನ್ನು ಕಂಡು ಉಳಿದವರು. ನಾನು ಮೆಲ್ಲಗೆ ತಟ್ಟಿದೆ. ಒಳಗಿನಿಂದ ಇಡೀ ಬೀದಿಗೆ ಕೇಳುವಂತೆ ಪ್ರಕಟಣೆ ಬಂತು.

"ಗಮನಿಸಿ. ಬಾಗಿಲ ಬಳಿ ನಿಂತಿರುವವರು ದಯವಿಟ್ಟು ಹಾಡಬೇಕಾಗಿ ವಿನಂತಿ."

"ತಾತ, ನಾನು," ಎಂದೆ.

"ನಾನು ಅನ್ನೋರು ಬೇಕಾದಷ್ಟು ಜನ. ಹಾಡಿ."

ಬೀಗದ ತೂತಿಗೆ ಬಾಯಿಟ್ಟು ಪಿಸುಗುಟ್ಟಿದೆ. ಕೇಳಿಸುತ್ತಿಲ್ಲ ಎಂದರು. ಇನ್ನೂ ಸ್ವಲ್ಪ ಗಟ್ಟಿಯಾಗಿ ಹೇಳಿದೆ. ಕೇಳಿಸುತ್ತಿಲ್ಲ ಎಂದರು. ಹಿಂದೆ ಬೀದಿಗೆ ಬೀದಿಯೇ ಉಸಿರು ಹಿಡಿದು ನಿಂತಿತ್ತು. ಶಾಲೆಯಲ್ಲಿ ಕೂಡ ಅಷ್ಟು ಜನ ಒಟ್ಟಿಗೆ ನನ್ನ ಬೆನ್ನು ನೋಡಿರಲಿಲ್ಲ. ಅಮ್ಮ ಬರುವ ಹೊತ್ತಾಗುತ್ತಿತ್ತು. ಕಣ್ಣು ಮುಚ್ಚಿ, ಇದ್ದ ದನಿಯನ್ನೆಲ್ಲ ಒಟ್ಟುಗೂಡಿಸಿ ಹಾಡಿದೆ. ಹೊರಗೆ ಬಂದದ್ದು ಮುರುಕು ಬಾಯಿ ಕುಂಡ.

"ಅದು ಹಳೇ ಗಾಡಿ," ಎಂದರು ತಾತ. "ರದ್ದಾಗಿದೆ."

ಮತ್ತೆ ಪ್ರಯತ್ನಿಸಿದೆ. ಬೆಕ್ಕಿನ ಮೀಸೆ ಸಿಕ್ಕಿತು, ಆದರೆ ಅದು ಕುಂಡದ ಕೆಳಗೆ ಮಲಗಿತು. ಇನ್ನೊಮ್ಮೆ ಹಾಡಿದೆ. ಹಾಲಿನ ಹನಿಯನ್ನು ಎಡಕ್ಕೆ ತಿರುಗಿಸಿಬಿಟ್ಟೆ. ಪರರ ಮಿದುಳಿಗೆ ಹಾಡು ಅಂಟಿಸಲು ಹೋದ ನನ್ನ ಮಿದುಳಿಗೇ ಅದು ಎಲ್ಲರಿಗಿಂತ ಗಟ್ಟಿಯಾಗಿ ಅಂಟಿತ್ತು. ಎಲ್ಲವನ್ನೂ ಮರೆಯುವ ತಾತನಿಗೆ ಎರಡೂ ಹಾಡು ಬೇರೆ ಬೇರೆಯಾಗಿ ನೆನಪಿದ್ದವು. ಇದನ್ನು ಆ ವೈದ್ಯರು ಯಾವ ಪುಟದಲ್ಲಾದರೂ ವಿವರಿಸಿದ್ದಾರೋ ಏನೋ, ನನಗೆ ಸಿಕ್ಕಿಲ್ಲ.

ಕೊನೆಗೆ ತಾತನಿಗೆ ನನ್ನ ಮೇಲೆ ಮರುಕ ಬಂತು.

"ಪಾಪ, ಕೂಸಿಗೆ ಬರ್ತಿಲ್ಲ. ಕೇಳಿಸ್ಕೋ, ನಾನು ಹೇಳ್ತೀನಿ."

"ಬೇಡ ತಾತ," ಎಂದೆ. ಅದು ಅವರಿಗೆ ಕೇಳಿಸಲಿಲ್ಲ.

ನಿಲ್ದಾಣದ ಪದ್ಧತಿಯಂತೆ ಮೂರು ಸಲ ಹೇಳಿದರು. ಮೊದಲನೆಯ ಸಲ ಬೀದಿ ಕೇಳಿಸಿಕೊಂಡಿತು. ಎರಡನೆಯ ಸಲ ಗುನುಗಿತು. ಮೂರನೆಯ ಸಲ ದೊಡ್ಡಮ್ಮನಿಂದ ಹಿಡಿದು ಅಂಚೆಯವನವರೆಗೆ ಎಲ್ಲರೂ ಸೇರಿ ಒಂದೇ ಕಂಠದಲ್ಲಿ, ಚಿಲಕವ ತೆಗೆದು ಬಿಡು ತಾತಾ ಎಂದು ಮುಗಿಸಿದರು. ನಾನೂ ಸೇರಿದ್ದೆ. ಗುಂಪಿನಲ್ಲಿ ನನ್ನ ಗಂಟಲಿಗೆ ಯಾವ ತೊಂದರೆಯೂ ಆಗಲಿಲ್ಲ.

ಚಿಲಕ ಸರಿಯಿತು. ತಾತ ಹೊಸ್ತಿಲ ಮೇಲೆ ನಿಂತು ಎಲ್ಲರನ್ನೂ ನೋಡಿದರು. ನಿಯಮ ಎಂದರೆ ಅವರಿಗೆ ನಿಯಮವೇ.

"ಸರಿಯಾಗಿ ಹಾಡಿದೋರೆಲ್ಲ ಒಳಗೆ ಬನ್ನಿ," ಎಂದರು.

ಎಲ್ಲರೂ ಒಳಗೆ ಬಂದರು.

ಅಮ್ಮ ಬಂದಾಗ ಹೊರಗೆ ಚಪ್ಪಲಿ ಬಿಡಲು ಜಾಗವಿರಲಿಲ್ಲ. ನಡುಮನೆಯಲ್ಲಿ ಹಾಲಿನವಳು ಲೋಟ ತೊಳೆದು ಜೋಡಿಸುತ್ತಿದ್ದಳು, ದೊಡ್ಡಮ್ಮ ಅಡುಗೆಮನೆಯಲ್ಲಿ ಚಹಾ ಸೋಸುತ್ತಿದ್ದರು, ತಾತ ಕುರ್ಚಿಯ ಮೇಲೆ ಕೂತು ಗಾಡಿಗಳ ಕಥೆ ಹೇಳುತ್ತಿದ್ದರು. ಅಮ್ಮ ಹೊಸ್ತಿಲಿಗೆ ಕಾಲಿಟ್ಟಳೋ ಇಲ್ಲವೋ ತಾತ ಕೈ ಎತ್ತಿ ತಡೆದರು.

"ಹಾಡಿಲ್ಲ," ಎಂದರು.

"ಮಾವ, ಇದು ನನ್ನ ಮನೆ."

"ಇರಬಹುದಮ್ಮ. ಹಾಡು."

ಇಡೀ ಬೀದಿ ಒಳಗೆ, ಅಮ್ಮ ಒಬ್ಬಳೇ ಹೊರಗೆ. ನಾನು ಗೋಡೆಗೆ ಅಂಟಿ ನಿಂತೆ. ದೊಡ್ಡಮ್ಮ ಅಡುಗೆಮನೆಯಿಂದ ಒಂದೊಂದೇ ಪದ ಹೇಳಿಕೊಟ್ಟರು. ಅಮ್ಮ 'ತಾತಾ' ಎಂಬಲ್ಲಿ ಹಲ್ಲು ಕಚ್ಚಿ, ದಿಂಬಿನ ಚೀಲ ಎಣಿಸುವ ದನಿಯಲ್ಲಿ ನಾಲ್ಕೂ ಸಾಲು ಒಪ್ಪಿಸಿದಳು. ರಾಗ ಇರಲಿಲ್ಲ. ಮನೆಯವಳು ಎಂಬ ರಿಯಾಯಿತಿ ಕೊಟ್ಟು ತಾತ ಒಳಗೆ ಬಿಟ್ಟರು.

ಎಲ್ಲರೂ ಹೋದ ಮೇಲೆ ಸೂಜಿ, ದಾರ, ಮೇಣದ ತುಂಡು ಎಲ್ಲವನ್ನೂ ಕಾಗದದಲ್ಲಿ ಅಂಚಿಗೆ ಅಂಚು ಕೂರಿಸಿ ಮಡಿಸಿ ಮೇಜಿನ ಮೇಲಿಟ್ಟೆ. ಅಮ್ಮ ಅದನ್ನು ನೋಡಿದಳು. ಅಷ್ಟರಲ್ಲಿ ದೊಡ್ಡಮ್ಮ ಮತ್ತೆ ಬಂದರು. ಅದಲುಬದಲಾಗಿದ್ದ ಚಪ್ಪಲಿ ಹುಡುಕುತ್ತಾ, ಹುಡುಗಿ ಕೆಲಸಕ್ಕೆ ಹೋದಾಗ ನಿಮ್ಮ ಬೀಗದ ಕೈ ನನ್ನ ಹತ್ತಿರ ಇಟ್ಟು ಹೋಗಬಾರದೇ ಎಂದು ಕೇಳಿದರು. ನಾನು ಹಗಲೆಲ್ಲ ಜಗುಲಿಯ ಮೇಲೇ ಇರುತ್ತೇನೆ, ತಾತನ ದನಿ ಕೇಳಿದ ಕೂಡಲೇ ಬಂದು ತೆಗೆಯುತ್ತೇನೆ, ಕೇಳಿಸದೇ ಇರುವ ಪ್ರಶ್ನೆಯೇ ಇಲ್ಲ ಎಂದರು.

ಅಮ್ಮ ನನ್ನ ಕಡೆ ತಿರುಗಿದಳು.

"ಎದುರುಮನೆಯವ್ರನ್ನ ಮೊದ್ಲೇ ಕೇಳ್ಬಹುದಿತ್ತಲ್ಲೇ?"

"ಕೇಳ್ಬೇಕಂದ್ರೆ ಮಾತಾಡ್ಬೇಕಿತ್ತಲ್ಲಮ್ಮ," ಎಂದೆ.

ಅಮ್ಮ ಹೊರಗೆ ಹೋಗಿ ದೊಡ್ಡಮ್ಮನ ಚಪ್ಪಲಿ ಹುಡುಕಿ ಕೊಟ್ಟು ಬಂದಳು. ಒಂದು ಮಾತು ಆಡುವುದನ್ನು ತಪ್ಪಿಸಿಕೊಳ್ಳಲು ನಾನು ಎರಡು ಹಾಡು ಕಟ್ಟಿ, ಒಂದು ಬಸ್ಸು ಮಾರ್ಗವನ್ನೂ ಒಂದು ಅಂಗಡಿಯನ್ನೂ ಒಂದು ಬೀದಿಯನ್ನೂ ಕುಣಿಸಿದ್ದು ಅವಳಿಗೆ ಅರ್ಥವಾಗಲು ಅಷ್ಟು ಹೊತ್ತು ಬೇಕಿತ್ತು. ಆಮೇಲೆ ಮೇಜಿನ ಮೇಲಿನ ಪೊಟ್ಟಣ ತೆಗೆದು ನನ್ನ ಚೀಲದೊಳಗೆ ಹಾಕಿದಳು.

ಕಿಟಕಿಯ ಪಕ್ಕದ ಜಾಗ ಹೀಗೆ ಉಳಿಯಿತು. ಆದರೆ ಹಾಡು ಬಿಡಲಿಲ್ಲ. ಬೀಗದ ಕೈ ಈಗ ದೊಡ್ಡಮ್ಮನ ಸೆರಗಿನ ಗಂಟಿನಲ್ಲಿದೆ, ತಾತ ಮಧ್ಯಾಹ್ನ ಪಾರ್ಕಿಗೆ ಹೋಗಿ ಬರುತ್ತಾರೆ, ಎಲ್ಲವೂ ಸರಿಯಾಗಿದೆ. ಆದರೂ ಸಂಜೆ ನಾನು ಬಂದಾಗ ತಾತ ಒಳಗಿನಿಂದ ಚಿಲಕ ಹಾಕಿ ಕಾಯುತ್ತಾರೆ. ಹಾಡದೆ ತೆಗೆಯುವುದಿಲ್ಲ. ಬೀದಿಯವರು ಚಹಾ ಲೋಟ ಹಿಡಿದು ಜಗುಲಿಗೆ ಬರುತ್ತಾರೆ, ನಾನು ತಪ್ಪಿದಲ್ಲಿ ಎತ್ತಿಕೊಡುತ್ತಾರೆ. ಅಂಗಡಿಯಲ್ಲಿ ನನಗೆ ತಡವಾದರೆ, ಇಂದಿನ ಹಾಡು ತಡವಾಗಿ ಬರಲಿದೆ, ಅಡಚಣೆಗಾಗಿ ವಿಷಾದಿಸುತ್ತೇವೆ ಎಂದು ತಾತ ಕಿಟಕಿಯಿಂದ ತಿಳಿಸುತ್ತಾರಂತೆ.

ಮೊನ್ನೆ ಸಂಜೆ ಹೇಗಾದರೂ ಒಮ್ಮೆ ತಪ್ಪಿಲ್ಲದೆ ಹಾಡಿ ಇದನ್ನು ಮುಗಿಸಿಬಿಡಬೇಕೆಂದು ನಿಶ್ಚಯಿಸಿದೆ. ದಾರಿಯುದ್ದಕ್ಕೂ ಬೆಕ್ಕನ್ನು ಕುಂಡದಿಂದ ದೂರ ಇಟ್ಟುಕೊಂಡು ಬಂದೆ. ಬಾಗಿಲ ಮುಂದೆ ನೆಟ್ಟಗೆ ನಿಂತು, ಜೀವಮಾನದಲ್ಲಿ ಮೊದಲ ಬಾರಿ ಎದೆ ತುಂಬ ಉಸಿರು ತೆಗೆದುಕೊಂಡು, ನಾಲ್ಕೂ ಸಾಲನ್ನು ಗಟ್ಟಿಯಾಗಿ, ಸರಿಯಾಗಿ ಹಾಡಿದೆ. ಹಿಂದಿನಿಂದ ಚಪ್ಪಾಳೆ ಬಂತು. ಬಾಗಿಲು ಮಾತ್ರ ತೆರೆಯಲಿಲ್ಲ. ಇನ್ನೂ ಗಟ್ಟಿಯಾಗಿ ಹಾಡಿದೆ. ಚಪ್ಪಾಳೆ ಇನ್ನೂ ಜೋರಾಯಿತು. ಗಾಬರಿಯಿಂದ ಬಾಗಿಲಿಗೆ ಭುಜ ಕೊಟ್ಟರೆ ಅದು ಒಳಗೆ ಸರಿಯಿತು. ಚಿಲಕವೇ ಹಾಕಿರಲಿಲ್ಲ. ಮನೆಯೊಳಗೆ ಯಾರೂ ಇರಲಿಲ್ಲ.

ತಿರುಗಿ ನೋಡಿದೆ. ಎದುರುಮನೆಯ ಜಗುಲಿಯ ಮೇಲೆ ದೊಡ್ಡಮ್ಮನ ಪಕ್ಕದಲ್ಲಿ, ಎಲ್ಲರಿಗಿಂತ ಮುಂದಿನ ಸಾಲಿನಲ್ಲಿ, ತಾತ ಚಹಾ ಲೋಟ ಹಿಡಿದು ಕೂತಿದ್ದರು.

"ಇನ್ನೊಂದ್ಸಲ ಹಾಡಮ್ಮ," ಎಂದರು. "ಮೂಲೆಮನೆಯೋರು ಈಗ ಬಂದ್ರು."